‘ತಿಂಗಳವರೆಗೆ ನೋಡಲು ಬರಬೇಡಿ’ ಎನ್ನುವ ವ್ಯಸನಮುಕ್ತಿ ಕೇಂದ್ರಗಳ ಬಗ್ಗೆ

‘ಸರಕಾರಿ ಆಸ್ಪತ್ರೆಗೆ ಹೋದರೆ ಪೊಲೀಸರು ಬರುತ್ತಾರೆ, ನಾವು ಗುಟ್ಟಾಗಿ ಚಟ ಬಿಡಿಸಿಕೊಡುತ್ತೇವೆ’ ಎಂದು ಯಾರಾದರೂ ಹೇಳಿಕೊಂಡು ಬಂದರೆ ಜಗಲಿಯಿಂದಲೇ ಕಳುಹಿಸಿಬಿಡಿ. ನಮ್ಮ ಮನೆಯಲ್ಲಿ ಚಹಾ ಕೊಟ್ಟು ಕೂರಿಸಿದ್ದರು.

ನಾನು ಕಾಸರಗೋಡು ಜಿಲ್ಲೆಯ ಕುಂಬಳೆ ಕಡೆಯವಳು, ಪ್ಲಸ್ ಟು ವಿದ್ಯಾರ್ಥಿನಿ. ಅಣ್ಣ ಮಂಗಳೂರಿನಲ್ಲಿ ಕೆಲಸಕ್ಕಿದ್ದವನು ಎಂಡಿಎಂಎ ಎಂಬ ಮಾದಕ ಪುಡಿಗೆ ಬಿದ್ದ. ಮನೆಗೆ ಬಂದರೆ ರಾತ್ರಿಯಿಡೀ ಎಚ್ಚರ, ಆಮೇಲೆ ಹೆಣದಂತೆ ನಿದ್ದೆ. ಅವನು ಹಲ್ಲು ಕಡಿಯುವ ಸದ್ದು ಓದುತ್ತಾ ಕೂತ ನನಗೆ ಗೋಡೆಯಾಚೆಯಿಂದ ಕೇಳಿಸುತ್ತಿತ್ತು. ಚಾವಡಿಯ ಅಡಿಕೆ ಗೋಣಿಗಳು ಕಡಿಮೆಯಾಗುತ್ತಿವೆ ಎಂದು ಲೆಕ್ಕ ಹಿಡಿದವಳೂ ನಾನೇ. ವಿಷಯ ಹೊರಬಿದ್ದಾಗ ಮನೆಯವರು ಹೆದರಿದ್ದು ಆ ಪುಡಿಗಿಂತ ಹೆಚ್ಚಾಗಿ ನೆಂಟರಿಗೆ. ಕೇಂದ್ರದ ಪರವಾಗಿ ಮನೆಗೆ ಬಂದ ದಲ್ಲಾಳಿಗೆ ಬೇಕಾಗಿದ್ದೂ ಅಷ್ಟೇ.

ಮುಂಗಡ ತೆಗೆದುಕೊಂಡರು, ರಶೀದಿ ಕೊಡಲಿಲ್ಲ. ಒಂದು ತಿಂಗಳು ಭೇಟಿಯಿಲ್ಲ, ಫೋನ್ ಇಲ್ಲ ಎಂದರು. ಅಪ್ಪ ಮಲಯಾಳ ಮಾತನಾಡುತ್ತಾರೆ, ಓದಲು ಬಾರದು; ತೋರಿಸಿದಲ್ಲೆಲ್ಲ ಸಹಿ ಹಾಕಿದರು. ಒಳಗೆ ಏನೇ ಪೆಟ್ಟಾದರೂ ಕೇಂದ್ರ ಹೊಣೆಯಲ್ಲ, ಹಣ ವಾಪಸಿಲ್ಲ ಎಂದು ಅದರಲ್ಲಿ ಬರೆದಿತ್ತು. ಅಮ್ಮ ಹಟ ಹಿಡಿದು ನೋಡಲು ಹೋದಾಗ ಅಣ್ಣನ ಕಾಲಿನಲ್ಲಿ ಸರಪಳಿಯ ಗಾಯ. ವೈದ್ಯರು ಎಂಬವರೇ ಅಲ್ಲಿರಲಿಲ್ಲ. ಅಂದೇ ಕರೆತಂದೆವು.

2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆಯಲ್ಲಿ ಮಾದಕ ವ್ಯಸನದ ಸಮಸ್ಯೆಗಳೂ ಸೇರಿವೆ. ಸರಪಳಿ ಹಾಕುವುದನ್ನು ಅದು ನಿಷೇಧಿಸಿದೆ. ಸೇರಿಸುವ ಮೊದಲೇ ರಾಜ್ಯ ಮಾನಸಿಕ ಆರೋಗ್ಯ ಪ್ರಾಧಿಕಾರದ ನೋಂದಣಿ ಪತ್ರ ತೋರಿಸಿ ಎಂದು ಕೇಳಿ. ಪೊಲೀಸರ ಹೆಸರಿನಲ್ಲಿ ಹೆದರಿಸುವುದಂತೂ ಬರೀ ವ್ಯಾಪಾರ. ಸೇವಿಸಿದ್ದಕ್ಕೆ ಅಥವಾ ಅಲ್ಪ ಪ್ರಮಾಣ ಇಟ್ಟುಕೊಂಡಿದ್ದಕ್ಕೆ ಮೊಕದ್ದಮೆ ಎದುರಿಸುವ ವ್ಯಸನಿ ಕೂಡ ತಾನಾಗಿ ಸರಕಾರಿ ಅಥವಾ ಮಾನ್ಯತೆ ಪಡೆದ ಕೇಂದ್ರದಲ್ಲಿ ಚಿಕಿತ್ಸೆಗೆ ಮುಂದಾಗಿ ಅದನ್ನು ಪೂರ್ತಿ ಪಡೆದರೆ, ಮಾದಕ ವಸ್ತುಗಳ ಕುರಿತಾದ 1985ರ ಎನ್‌ಡಿಪಿಎಸ್ ಕಾಯಿದೆಯ ಸೆಕ್ಷನ್ 64ಎ ರಕ್ಷಣೆ ಕೊಡುತ್ತದೆ. ಮಾರುವವರಿಗೆ ಅದಿಲ್ಲ, ಇರಲೂಬಾರದು.

ಕೇರಳ ಅಬಕಾರಿ ಇಲಾಖೆಯ ‘ವಿಮುಕ್ತಿ’ ಸಹಾಯವಾಣಿ 14405, ರಾಷ್ಟ್ರೀಯ ಸಹಾಯವಾಣಿ 14446. ಮನೆಯ ಗಲಾಟೆಯಲ್ಲಿ ಪೆಟ್ಟು ತಿನ್ನುತ್ತಿರುವ ನನ್ನಂಥ ಹದಿನೆಂಟು ತುಂಬದವರು ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಬಹುದು. ನಮ್ಮ ಜಿಲ್ಲೆಯಲ್ಲಿ ವಿಮುಕ್ತಿ ಚಿಕಿತ್ಸೆ ಇರುವುದು ನೀಲೇಶ್ವರ ತಾಲೂಕು ಆಸ್ಪತ್ರೆಯಲ್ಲಿ. ಅಣ್ಣ ಈಗ ಅಲ್ಲಿಗೆ ಹೋಗುತ್ತಿದ್ದಾನೆ; ಕೆಲವೊಮ್ಮೆ ತಪ್ಪಿಸುತ್ತಾನೆ, ಮತ್ತೆ ಹೊರಡಿಸುತ್ತೇವೆ. ಮುಂಗಡ ಹಣ ಇನ್ನೂ ಬಂದಿಲ್ಲ. ಆ ದಲ್ಲಾಳಿ ಈಗ ಬದಿಯಡ್ಕ, ಪೆರ್ಲ ಕಡೆ ಮನೆ ಮನೆ ಸುತ್ತುತ್ತಿದ್ದಾನೆಂದು ಕೇಳಿದೆ.