ಪೋಸ್ಟ್‌ಗ್ರೆಸ್ ಐಡೆಂಟಿಟಿ ಕಾಲಂ: ಸೀರಿಯಲ್ ಬಿಟ್ಟು ಇದಕ್ಕೇ ಬನ್ನಿ

ಪೋಸ್ಟ್‌ಗ್ರೆಸ್ ಡೇಟಾಬೇಸ್‌ನಲ್ಲಿ ಹೊಸ ಟೇಬಲ್‌ನ ಐಡಿ ಕಾಲಂಗೆ ತಾನಾಗೇ ನಂಬರ್ ಬರ್ಲಿ ಅಂತ ಇನ್ನೂ ಸೀರಿಯಲ್ ಅಂತಾನೇ ಬರೀತಿದ್ರೆ ದಯವಿಟ್ಟು ಅದೇ ಕೆಲಸ ಮಾಡೋ ಐಡೆಂಟಿಟಿಗೆ ಬನ್ನಿ, 2017ರ ವರ್ಷನ್ 10ರಿಂದಲೇ ಇದೆ. ಸೀರಿಯಲ್‌ನಲ್ಲಿ ಟೇಬಲ್‌ಗೆ ಪರ್ಮಿಷನ್ ಕೊಟ್ರೂ ನಂಬರ್ ಹುಟ್ಟಿಸೋ ಸೀಕ್ವೆನ್ಸ್‌ಗೆ ಬೇರೆ ಗ್ರಾಂಟ್ ಕೊಡ್ಬೇಕು, ಮರೆತ್ರೆ ಇನ್ಸರ್ಟ್ (ಹೊಸ ಸಾಲು ಸೇರಿಸೋದು) ಅಲ್ಲೇ ಫೇಲ್, ಐಡೆಂಟಿಟಿಯಲ್ಲಿ ಆ ತಲೆನೋವೇ ಇಲ್ಲ. ನಂಗೆ ತುಂಬಾ ಹಿಡಿಸಿದ್ದು ಆಲ್ವೇಸ್ ಆಪ್ಷನ್, ಯಾರಾದ್ರೂ ಇನ್ಸರ್ಟ್‌ನಲ್ಲಿ ತಾವೇ ಐಡಿ ಹಾಕೋಕೆ ಹೋದ್ರೆ ಡೇಟಾಬೇಸೇ ಎರರ್ ಕೊಟ್ಟು ತಡೆಯುತ್ತೆ, ಬೇಕೇ ಬೇಕು ಅಂದ್ರೆ ಓವರ್‌ರೈಡಿಂಗ್ ಸಿಸ್ಟಮ್ ವ್ಯಾಲ್ಯೂ ಅಂತ ಬರೀಬೇಕು. ಆದ್ರೆ ಒಟ್ಟಿಗೆ ಡೇಟಾ ತುಂಬೋ ಕಾಪಿ ಕಮಾಂಡ್‌ಗೆ ಈ ಕಾವಲಿಲ್ಲ, ಹಳೇ ಡೇಟಾ ಐಡಿ ಸಮೇತ ಲೋಡ್ ಮಾಡಿದ್ಮೇಲೂ ಸೀಕ್ವೆನ್ಸ್ ಇದ್ದಲ್ಲೇ ಇರುತ್ತೆ, ಸೆಟ್‌ವ್ಯಾಲ್ ಫಂಕ್ಷನ್‌ನಿಂದ ಅದನ್ನ ಮುಂದಕ್ಕೆ ತರದಿದ್ರೆ ಡೂಪ್ಲಿಕೇಟ್ ಕೀ ಎರರ್ ಬರುತ್ತೆ. ಮಾಡಿದ ಬದಲಾವಣೆ ರದ್ದಾಗಿ ರೋಲ್‌ಬ್ಯಾಕ್ ಆದ್ರೆ ಹೋದ ನಂಬರ್ ವಾಪಸ್ ಬರಲ್ಲ, ಮಧ್ಯೆ ನಂಬರ್ ಬಿಟ್ಟುಹೋಗುತ್ತೆ, ಅದಕ್ಕೇ ಬಿಲ್ ನಂಬರ್‌ಗಂತೂ ಬಳಸ್ಬೇಡಿ. ಕಾಲಂ ಟೈಪ್ ಇಂಟಿಜರ್ ಆದ್ರೆ ನಂಬರ್ ಸುಮಾರು 214 ಕೋಟಿಗೆ ಮುಗಿಯುತ್ತೆ, ಮೊದ್ಲೇ ಅದಕ್ಕಿಂತ ದೊಡ್ಡ ಬಿಗ್‌ಇಂಟ್ ಹಾಕಿ.