ಒಬ್ಬರೇ ಹಾಕಿಕೊಳ್ಳಲು ಬರುವ ಕ್ಯಾರಿಯರ್ ಯಾವುದು? ನಾಲ್ಕು ಬಗೆಯ ಹೋಲಿಕೆ

ದಿನಬಳಕೆಗೆ ಬೇಬಿ ಕ್ಯಾರಿಯರ್ (ಕೂಸನ್ನು ಮೈಗೆ ಕಟ್ಟಿಕೊಂಡು ಹೊರುವ ಸಾಧನ) ಬೇಕಿದ್ದರೆ ಹತ್ತಿ ಬಟ್ಟೆಯ ಬಕಲ್ ಕ್ಯಾರಿಯರ್ ಕೊಳ್ಳಿ, ಅದರಲ್ಲೂ ಹೆಗಲ ಪಟ್ಟಿಗಳನ್ನು ಬೆನ್ನ ಮೇಲೆ ಕತ್ತರಿಯಾಕಾರದಲ್ಲಿ ದಾಟಿಸಲು ಬರುವಂಥದ್ದು. ನಮ್ಮ ಮನೆಗೆ ಅದು ಬಂದದ್ದು ಕೊನೆಗೆ. ಅದಕ್ಕೂ ಮುಂಚೆ ಚೀಲದಂಥ ಅಗ್ಗದ ಪೌಚ್, ಬಳೆಗೆ ಹಾಯಿಸಿ ಹೆಗಲಿಗೆ ಹಾಕುವ ಬಟ್ಟೆಯ ರಿಂಗ್ ಸ್ಲಿಂಗ್, ಸೊಂಟಕ್ಕೆ ಕಟ್ಟುವ ಫೋಮಿನ ಆಸನದ ಹಿಪ್ ಸೀಟ್ ಮೂರೂ ಬಂದಿದ್ದವು. ಪೂರ್ತಿ ದಂಡವಾದದ್ದು ಪೌಚ್ ಒಂದೇ.

ಪೌಚಿನ ತಳ ಕಿರಿದು. ನಾಲ್ಕೈದು ಬೆರಳಗಲದ ಪಟ್ಟಿಯ ಮೇಲೆ ಕೂಸಿನ ಭಾರವೆಲ್ಲ ತೊಡೆಸಂದಿಗೆ ಬೀಳುತ್ತದೆ, ಕಾಲು ನೇರಕ್ಕೆ ಜೋತಾಡುತ್ತವೆ. ಕಂಕುಳಲ್ಲಿ ಎತ್ತಿಕೊಂಡಾಗ ಕೂಸು ಹೇಗೆ ಕೂರುತ್ತದೆ ನೋಡಿ: ತೊಡೆ ಅಗಲವಾಗಿ, ಮಂಡಿ ಕುಂಡಿಗಿಂತ ಮೇಲೆ, ಕಪ್ಪೆ ಕೂತಂತೆ. ಕ್ಯಾರಿಯರ್‌ನಲ್ಲೂ ಹಾಗೆಯೇ ಕೂರಬೇಕು. ಮೊದಲ ಆರು ತಿಂಗಳು ಸೊಂಟದ ಕೀಲು ಇನ್ನೂ ಮೆದು. ಕಾಲುಗಳು ಜೋಡಿಕೊಂಡು ನೇರಕ್ಕೆ ಇಳಿಬಿದ್ದರೆ ಅದು ಸರಿಯಾಗಿ ಬೆಳೆಯಲು ಅಡ್ಡಿ. ಕೊಳ್ಳುವ ಮುಂಚೆ ಕೂಸಿನ ಕಾಲು ಅಗಲಿಸಿ, ಒಂದು ಮಂಡಿಯ ಹಿಂಬದಿಯಿಂದ ಇನ್ನೊಂದರ ಹಿಂಬದಿವರೆಗೆ ಟೇಪು ಹಿಡಿದು ಅಳೆಯಿರಿ. ಕ್ಯಾರಿಯರಿನ ತಳ ಅಷ್ಟು ಅಗಲ ಇರಬೇಕು. ಕೂಸು ಬೆಳೆದಂತೆ ತಳವನ್ನೂ ಅಗಲ ಮಾಡಲು ಬಂದರೆ ಇನ್ನೂ ಒಳ್ಳೆಯದು.

ಇನ್ನು ಬಕಲ್ ಕ್ಯಾರಿಯರ್. ಇದರಲ್ಲಿ ಎಲ್ಲರನ್ನೂ ಒದ್ದಾಡಿಸುವುದು ಬೆನ್ನ ಹಿಂದಿನ ಕ್ಲಿಪ್. ಮಾಮೂಲಿ ಮಾದರಿಯನ್ನು ಶಾಲೆ ಬ್ಯಾಗಿನಂತೆ ಎರಡೂ ತೋಳಿಗೆ ಏರಿಸಬೇಕು. ಬ್ಯಾಗು ಬೆನ್ನಿಗಿರುತ್ತದೆ, ಕೂಸು ಎದೆಗಿರುತ್ತದೆ, ವ್ಯತ್ಯಾಸ ಅಷ್ಟೇ. ಹಾಗಾಗಿ ಪಟ್ಟಿಗಳು ಹೆಗಲಿಂದ ಜಾರದಂತೆ ಹಿಡಿಯುವ, ಆ ಕ್ಲಿಪ್ ಇರುವ ಅಡ್ಡಪಟ್ಟಿ ಬೆನ್ನ ಮೇಲೆ, ಎರಡು ರೆಕ್ಕೆಮೂಳೆಗಳ ನಡುವೆ ಬರುತ್ತದೆ. ಅದನ್ನು ಹಾಕದೆ ನಡೆದರೆ ಒಂದು ಪಟ್ಟಿ ತೋಳಿಗಿಳಿದು ಕೂಸು ಆ ಕಡೆ ವಾಲುತ್ತದೆ. ಪಕ್ಕದಲ್ಲಿ ಯಾರಾದರೂ ಇದ್ದರೆ "ಸ್ವಲ್ಪ ಕ್ಲಿಪ್ ಹಾಕ್ರೀ" ಅಂದರೆ ಮುಗಿಯಿತು. ಆದರೆ ಮನೆಯವರು ಕೆಲಸಕ್ಕೆ ಹೋದ ಮೇಲೆ, ಹನ್ನೊಂದು ಗಂಟೆಗೆ ತರಕಾರಿಗೆ ಹೊರಡುವಾಗ ಯಾರನ್ನು ಕರೆಯುವುದು?

ಕೈ ಎಟುಕುವುದಿಲ್ಲವೆಂದು ಇದನ್ನು ಮೂಲೆಗೆ ಹಾಕಿದವರು ಬಹಳ. ತಪ್ಪು ಕೈಯದ್ದಲ್ಲ. ಹಿಂದಿನ ಸಲ ಹಾಕಿದವರು ಬಗಲ ಕೆಳಗಿನ ಪಟ್ಟಿಗಳನ್ನು ಬಿಗಿ ಮಾಡಿ ಹಾಗೆಯೇ ಬಿಟ್ಟಿರುತ್ತಾರೆ. ಅವು ಬಿಗಿಯಿದ್ದರೆ ಕ್ಲಿಪ್ ನಡುಬೆನ್ನಿಗೆ ಇಳಿದಿರುತ್ತದೆ, ಅಲ್ಲಿಗೆ ಎರಡೂ ಕೈ ಒಟ್ಟಿಗೆ ಹೋಗುವುದಿಲ್ಲ. ಕೂಸನ್ನು ಎತ್ತಿಕೊಳ್ಳುವ ಮುಂಚೆಯೇ ಎರಡೂ ಬಗಲ ಪಟ್ಟಿಗಳನ್ನು ಒಂದೊಂದು ಗೇಣು ಸಡಿಲ ಬಿಡಿ, ಅಡ್ಡಪಟ್ಟಿಯನ್ನು ಪೂರ್ತಿ ಉದ್ದ ಮಾಡಿ. ಸೊಂಟದ ಬೆಲ್ಟ್ ಹಾಕಿ, ಮಂಚದ ಅಂಚಿನಲ್ಲಿ ಕೂತು, ಕೂಸನ್ನು ಎದೆಗೆ ಎತ್ತರದಲ್ಲಿ ಒತ್ತಿಕೊಂಡು ಬಟ್ಟೆಯನ್ನು ಅದರ ಬೆನ್ನ ಮೇಲೆ ಎಳೆದುಕೊಳ್ಳಿ. ಪಟ್ಟಿ ಏರಿಸುವಾಗ ಒಂದು ಕೈ ಕೂಸಿನ ಬೆನ್ನು ಬಿಡಬಾರದು. ಎರಡೂ ಹೆಗಲಿಗೆ ಬಂದ ಮೇಲೆ ಸ್ವಲ್ಪ ಹಿಂದಕ್ಕೆ ಒರಗಿ ಹೆಗಲು ಮೇಲೆತ್ತಿ. ಸಡಿಲ ಪಟ್ಟಿಗಳ ಜೊತೆ ಕ್ಲಿಪ್ ಕತ್ತಿನ ಬುಡಕ್ಕೆ ಏರುತ್ತದೆ. ದಿನಾ ಜಡೆ ಹೆಣೆದುಕೊಳ್ಳುವ ಕೈಗೆ ಆ ಜಾಗ ಹೊಸದಲ್ಲ. ಟಕ್ ಎಂದು ಕೂತ ಮೇಲೆ ಬಗಲ ಪಟ್ಟಿ ಎಳೆಯಿರಿ, ಕ್ಲಿಪ್ ತಾನಾಗಿ ಇಳಿದು ರೆಕ್ಕೆಮೂಳೆಗಳ ನಡುವೆ ನಿಲ್ಲುತ್ತದೆ. ಬಿಚ್ಚುವಾಗಲೂ ಮೊದಲು ಬಗಲ ಪಟ್ಟಿ ಸಡಿಲಿಸಿ, ಕ್ಲಿಪ್ ಮೇಲೇರಿದ ಮೇಲೆ ಬಿಚ್ಚಿ. ಹಾಕುವ ಮುಂಚೆ ಜಡೆ ಮುಂದಕ್ಕೆ ತಂದುಕೊಳ್ಳಿ, ಇಲ್ಲವಾದರೆ ಕೂದಲು ಸಿಕ್ಕಿಕೊಳ್ಳುತ್ತದೆ.

ಅಷ್ಟಾದರೂ ಇನ್ನೊಂದು ಕಾಟ ಉಳಿಯುತ್ತದೆ. ಕೆಲವು ಮಾದರಿಗಳಲ್ಲಿ ಈ ಕ್ಲಿಪ್ ಹೆಗಲ ಪಟ್ಟಿಯ ಅಂಚಿನ ಪೈಪಿಂಗ್ (ಉಬ್ಬಿದ ಹೊಲಿಗೆಯಂಚು) ಮೇಲೆ ಜಾರುತ್ತದೆ. ಪಕ್ಕಕ್ಕೆ ಜೋರಾಗಿ ಎಳೆದರೆ ಕಳಚಿ ಕೈಗೇ ಬರುತ್ತದೆ. ನಡುವಿನಿಂದ ಒತ್ತಿ ಕೂರಿಸಲು ಹೋದರೆ ಉಗುರು ಮುರಿಯುತ್ತದೆ. ಪೈಪಿಂಗಿನ ತುದಿಯಿಂದ ತೂರಿಸಿ ಜಾರಿಸಿಕೊಂಡು ಬರಬೇಕು.

ಪಟ್ಟಿ ದಾಟಿಸುವ ಮಾದರಿ ನನ್ನ ಆಯ್ಕೆಯಾದದ್ದು ಇದೇ ಕಾರಣಕ್ಕೆ. ಬಲ ಹೆಗಲ ಪಟ್ಟಿ ಬೆನ್ನ ಮೇಲಿಂದ ಎಡ ಬಗಲಿಗೆ ಬಂದು ಎಡಬದಿಯ ಬಕಲ್ಲಿಗೆ ಸೇರುತ್ತದೆ, ಎಡದ್ದು ಬಲಬದಿಗೆ. ಹಿಂದೆ ಕ್ಲಿಪ್ಪೇ ಬೇಡ. ಎರಡೂ ಬಕಲ್ ಕಣ್ಣಿಗೆ ಕಾಣುವಲ್ಲೇ ಇರುತ್ತವೆ, ಭಾರ ಬೆನ್ನ ತುಂಬ ಹಂಚಿಹೋಗುತ್ತದೆ. ಅಂಗಡಿಯಲ್ಲಿ ನೋಡಬೇಕಾದ್ದು ಒಂದೇ: ಹೆಗಲ ಪಟ್ಟಿಯ ಕೆಳತುದಿ ಬಕಲ್ಲಿನಿಂದ ಪೂರ್ತಿ ಬಿಚ್ಚಿ ಬರಬೇಕು. ಬಟ್ಟೆಗೇ ಹೊಲಿದಿದ್ದರೆ ದಾಟಿಸಲು ಬರುವುದಿಲ್ಲ. ಇದರ ಕೊರತೆಯೆಂದರೆ ಪಟ್ಟಿ ಬೆನ್ನ ಮೇಲೆ ತಿರುಚಿಕೊಳ್ಳುವುದು. ಬಕಲ್ ಹಾಕುವ ಮುಂಚೆ ಹೆಬ್ಬೆರಳನ್ನು ಪಟ್ಟಿಯುದ್ದಕ್ಕೂ ಸವರಿದರೆ ಗೊತ್ತಾಗುತ್ತದೆ.

ಸೀರೆ ಉಡುವವರಿಗೆ ಬೆಲ್ಟ್ ಜಾರುವ ತೊಂದರೆಯೂ ಇದೆ. ಸಿಂಥೆಟಿಕ್ ಸೀರೆಯ ನೆರಿಗೆ ಮೇಲೆ ಬೆಲ್ಟ್ ಕಟ್ಟಿದರೆ ಹತ್ತು ಹೆಜ್ಜೆಗೆ ಒಂದಂಗುಲ ಇಳಿದು ನೆರಿಗೆಯನ್ನೂ ಎಳೆಯುತ್ತದೆ. ಬೆಲ್ಟನ್ನು ನೆರಿಗೆ ಸಿಕ್ಕಿಸಿದ ಜಾಗಕ್ಕಿಂತ ಮೇಲೆ, ಹೊಕ್ಕಳ ಮಟ್ಟಕ್ಕೆ ಕಟ್ಟಿ. ಸಿಸೇರಿಯನ್ ಆದವರಿಗೂ ಅದೇ ಸರಿ, ಗಾಯದ ಮೇಲೆ ಒತ್ತುವುದಿಲ್ಲ. ಸೆರಗನ್ನು ಬೆಲ್ಟಿನೊಳಗೆ ಸಿಕ್ಕಿಸಿ. ಮಾಂಗಲ್ಯ ಸರ ರವಿಕೆಯೊಳಗಿರಲಿ, ಇಲ್ಲವಾದರೆ ನಿದ್ದೆ ಹೋದ ಕೂಸಿನ ಕೆನ್ನೆಗೆ ಅದರ ಅಚ್ಚು ಬೀಳುತ್ತದೆ.

ಬಟ್ಟೆ ಹತ್ತಿಯದೇ ಇರಲಿ. ದಾವಣಗೆರೆಯ ಏಪ್ರಿಲ್ ಬಿಸಿಲಿಗೆ ದಪ್ಪ ಫೋಮ್ ತುಂಬಿದ ಕ್ಯಾರಿಯರ್ ಹಾಕಿಕೊಂಡರೆ ಅಮ್ಮನ ಎದೆ, ಕೂಸಿನ ಹೊಟ್ಟೆ ಎರಡೂ ಬೆವರಲ್ಲಿ ತೊಯ್ಯುತ್ತವೆ. ಜಾಲರಿಯದ್ದು ತಂಪು, ಆದರೆ ಅಗ್ಗದ ಜಾಲರಿ ತೊಡೆಗೆ ಉಜ್ಜಿ ಕೆಂಪು ಗೆರೆ ಮೂಡಿಸುತ್ತದೆ. ಕ್ಯಾರಿಯರನ್ನೇ ಒಂದು ಪದರ ಬಟ್ಟೆಯೆಂದು ಲೆಕ್ಕ ಹಾಕಿ, ಕೂಸಿಗೆ ಒಂದು ತೆಳು ಜುಬ್ಬ ಸಾಕು. ಕುಲಾವಿ ಹಾಕಿ ಅದರ ಮೇಲೆ ಕ್ಯಾರಿಯರಿನ ಟೋಪಿಯನ್ನೂ ಎಳೆಯಬೇಡಿ. ಮುಖ ಸದಾ ಕಾಣಬೇಕು, ಬಾಗಿದರೆ ನೆತ್ತಿಗೆ ಮುತ್ತು ಕೊಡುವಷ್ಟು ಎತ್ತರದಲ್ಲಿರಬೇಕು, ಕೂಸಿನ ಗದ್ದ ಮತ್ತು ಅದರ ಎದೆಯ ನಡುವೆ ಒಂದು ಬೆರಳು ತೂರಬೇಕು. ಗದ್ದ ಎದೆಗೆ ಒತ್ತಿದರೆ ಎಳೆ ಕೂಸಿನ ಉಸಿರಿನ ದಾರಿ ಮಡಿಚಿಕೊಳ್ಳುತ್ತದೆ.

ರಿಂಗ್ ಸ್ಲಿಂಗ್ ಎರಡನೇ ಸ್ಥಾನದಲ್ಲಿದೆ, ಮೊದಲ ಮೂರು ನಾಲ್ಕು ತಿಂಗಳಿಗಂತೂ ಅದೇ ಮೇಲು. ಸುಮಾರು ಎರಡು ಮೀಟರ್ ಬಟ್ಟೆ, ಎರಡು ಬಳೆ, ಅಷ್ಟೇ. ಮಡಚಿದರೆ ಕೈಚೀಲದ ಮೂಲೆಗೆ ಸಾಕು. ಬಟ್ಟೆಯನ್ನು ಎರಡೂ ಬಳೆಯೊಳಗಿಂದ ತಂದು, ಒಂದರ ಮೇಲಿಂದ ಹಾಯಿಸಿ ಇನ್ನೊಂದರೊಳಗೆ ಇಳಿಸಬೇಕು. ಹಾಯಿಸುವಾಗ ಬಟ್ಟೆ ಮುದುರಿಕೊಂಡರೆ ಮೇಲಂಚು, ಕೆಳಅಂಚು ಬೇರೆಬೇರೆಯಾಗಿ ಬಿಗಿಯುವುದಿಲ್ಲ. ಮೇಲಂಚು ಸಡಿಲವಿದ್ದರೆ ಕೂಸು ಹಿಂದಕ್ಕೆ ವಾಲುತ್ತದೆ, ಕೆಳಅಂಚು ಸಡಿಲವಿದ್ದರೆ ಕುಂಡಿ ಜಾರುತ್ತದೆ. ಬಟ್ಟೆಯನ್ನು ಬಳೆಯೊಳಗೆ ಸೀರೆ ನೆರಿಗೆಯಂತೆ ಬಿಡಿಸಿಟ್ಟು, ಅಂಚನ್ನು ಒಂದೊಂದಾಗಿ ಎಳೆಯಿರಿ. ಬಳೆಯಲ್ಲಿ ಬೆಸುಗೆಯ ಗೆರೆ ಕಂಡರೆ ಬೇಡ, ಅದು ಬಾಯಿ ಬಿಡಬಹುದು. ಕೂಸು ಎಂಟು ಕೆಜಿ ದಾಟಿದ ಮೇಲೆ ಭಾರವೆಲ್ಲ ಒಂದೇ ಹೆಗಲಿಗೆ, ಅರ್ಧ ಗಂಟೆಗೆ ಕತ್ತು ಹಿಡಿಯುತ್ತದೆ.

ಹಿಪ್ ಸೀಟ್ ಮನೆಯೊಳಗೆ, ಅಜ್ಜಿಯ ಸೊಂಟಕ್ಕೆ. ಕೂಸು ತಾನಾಗಿ ಕೂರುವವರೆಗೆ ಇದನ್ನು ಮುಟ್ಟಬೇಡಿ. ಚೌಕಿಪೇಟೆಯ ಸಂದಣಿಯಲ್ಲಿ ಆ ಫೋಮಿನ ಮುಂಚಾಚು ಎಲ್ಲರಿಗೂ ತಾಗುತ್ತದೆ, ಬಸ್ಸಿನಲ್ಲಿ ಅದನ್ನು ಕಟ್ಟಿಕೊಂಡು ಸೀಟಿನಲ್ಲಿ ಕೂರಲು ಬರುವುದಿಲ್ಲ. ವೆಲ್ಕ್ರೋ ಪರ್‍ರನೆ ಬಿಚ್ಚುವ ಸದ್ದಿಗೆ ಮಲಗಿದ ಕೂಸು ಎದ್ದೇಳುತ್ತದೆ.

ಸ್ಕೂಟರಿಗೆ ಇವುಗಳಲ್ಲಿ ಯಾವುದೂ ಅಲ್ಲ. ಕೂಸನ್ನು ಕ್ಯಾರಿಯರ್‌ನಲ್ಲಿ ಕಟ್ಟಿಕೊಂಡು ಹಿಂದೆ ಕೂರುವುದು ಪಿ.ಬಿ. ರಸ್ತೆಯಲ್ಲಿ ದಿನಾ ಕಾಣುತ್ತದೆ, ನೋಡಿದರೆ ಎದೆ ಝಲ್ಲೆನ್ನುತ್ತದೆ. ಬಿದ್ದರೆ ಕೂಸು ದೊಡ್ಡವರ ಮೈ ಕೆಳಗೆ ಸಿಕ್ಕುತ್ತದೆ. 2022ರ ಫೆಬ್ರವರಿಯಲ್ಲಿ ಹೊರಟ ಕೇಂದ್ರ ಮೋಟಾರು ವಾಹನ ನಿಯಮದಂತೆ, ನಾಲ್ಕು ವರ್ಷದೊಳಗಿನ ಮಕ್ಕಳಿಗೆ ಸವಾರರ ಹೆಗಲಿಗೆ ಕಟ್ಟುವ ಸುರಕ್ಷಾ ಹಾರ್ನೆಸ್, ಒಂಬತ್ತು ತಿಂಗಳಿಂದ ನಾಲ್ಕು ವರ್ಷದವರಿಗೆ ಹೆಲ್ಮೆಟ್ ಕೂಡ ಕಡ್ಡಾಯ, ವೇಗ 40 ಕಿ.ಮೀ. ಮೀರಬಾರದು. ಆ ಹಾರ್ನೆಸ್ಸೇ ಬೇರೆ, ಕ್ಯಾರಿಯರೇ ಬೇರೆ. ಒಂಬತ್ತು ತಿಂಗಳಿಗಿಂತ ಎಳೆ ಕೂಸಿದ್ದರೆ ಆಟೋ ಹಿಡಿಯಿರಿ. ಬಿಸಿ ಹೆಂಚಿನ ಮುಂದೆಯೂ ಕೂಸನ್ನು ಎದೆಗೆ ಕಟ್ಟಿಕೊಂಡು ನಿಲ್ಲಬೇಡಿ. ಚಿತ್ರದುರ್ಗದ ಕೋಟೆಯ ಕಲ್ಲುಮೆಟ್ಟಿಲಿಗೆ ಎದೆಯ ಮೇಲಿನ ಕೂಸು ಅಡ್ಡ, ಹೆಜ್ಜೆ ಕಾಣುವುದಿಲ್ಲ. ತಾನಾಗಿ ಕೂರುವ ಕೂಸಾದರೆ ಬೆನ್ನಿಗೆ ಹಾಕಿಕೊಳ್ಳಿ, ಹಿಂದೊಬ್ಬರು ಬರಲಿ.

ನನ್ನ ಲೆಕ್ಕ ಸೀರೆ ಉಡುವ, ಸಿಟಿ ಬಸ್ಸಿಗೆ ಹತ್ತುವ, ಹಗಲು ಒಬ್ಬರೇ ಇರುವ ಮನೆಯದ್ದು. ಇಂಥ ಮನೆಗೆ ಎರಡೂವರೆಯಿಂದ ಮೂರು ಸಾವಿರದ ಒಂದು ಹತ್ತಿಯ ಬಕಲ್ ಕ್ಯಾರಿಯರ್ ಸಾಕು. ಮನೆಯಲ್ಲಿ ಅತ್ತೆಯೋ ನಾದಿನಿಯೋ ಸದಾ ಇದ್ದು ಕ್ಲಿಪ್ ಹಾಕಿಕೊಡುವಂತಿದ್ದರೆ ಮಾಮೂಲಿ ಮಾದರಿಯೂ ನಡೆಯುತ್ತದೆ. ಹಣ ಬಿಗಿಯಿದ್ದರೆ ನೆಂಟರ ಮನೆಯಲ್ಲಿ ಬಳಸಿ ಬಿಟ್ಟದ್ದನ್ನು ಕೇಳಿ ತನ್ನಿ, ಆದರೆ ಮೂರು ಕಡೆ ನೋಡಿ: ಬಕಲ್ಲಿನ ಪ್ಲಾಸ್ಟಿಕ್ಕಿನಲ್ಲಿ ಕೂದಲೆಳೆಯಷ್ಟೂ ಬಿರುಕಿರಬಾರದು, ಹೆಗಲ ಪಟ್ಟಿ ಬಟ್ಟೆಗೆ ಸೇರುವಲ್ಲಿ ಹೊಲಿಗೆ ಸಡಿಲಿರಬಾರದು, ಬಿಗಿದ ಪಟ್ಟಿಯನ್ನು ಜಗ್ಗಿದಾಗ ಹಿಂದಕ್ಕೆ ಜಾರಬಾರದು. ಒಗೆಯುವಾಗ ಬಕಲ್ಲುಗಳನ್ನು ಮುಚ್ಚಿ, ಕೈಯಲ್ಲೇ ಒಗೆದು ನೆರಳಲ್ಲಿ ಒಣಗಿಸಿ. ಹೆಗಲ ಪಟ್ಟಿ ಕಚ್ಚುವ ಕೂಸಾದರೆ ಹಳೆ ಪಂಚೆಯ ಎರಡು ತುಂಡು ಸುತ್ತಿ ಕಟ್ಟಿದರಾಯಿತು, ದಿನಾ ಅವನ್ನಷ್ಟೇ ಬದಲಿಸಿದರೆ ಸಾಕು.