ಪ್ರೋಗ್ರೆಸಿವ್ ಕನ್ನಡಕ: ಐದಾರು ವರ್ಷ ಹಾಕಿಕೊಂಡ ಮೇಲೆ

ಮೊದಲೇ ಹೇಳಿಬಿಡುತ್ತೇನೆ. ದೂರಕ್ಕೂ ಓದಲಿಕ್ಕೂ ಒಂದರಲ್ಲೇ ಆಗುವ, ನಡುವೆ ಗೆರೆ ಇಲ್ಲದ ಪ್ರೋಗ್ರೆಸಿವ್ ಲೆನ್ಸಿಗೆ ಹಾಕಿದ ದುಡ್ಡು ನನಗಂತೂ ದಂಡ ಅನಿಸಿಲ್ಲ. ಆದರೆ ಅದು ನಿಮಗೆ ಒಗ್ಗುತ್ತದೋ ಇಲ್ಲವೋ ಎನ್ನುವುದು ಲೆನ್ಸಿನ ಕಂಪನಿಗಿಂತ ಜಾಸ್ತಿ, ಅಂಗಡಿಯವರು ನಿಮ್ಮ ಮುಖ ನೋಡಿ ತೆಗೆದುಕೊಳ್ಳುವ ಅಳತೆಯ ಮೇಲೆ ನಿಂತಿದೆ. ಮೂರನೇ ಜೋಡಿಗೆ ಬಂದ ಮೇಲೆ ಈ ಮಾತನ್ನು ಧೈರ್ಯವಾಗಿ ಹೇಳಬಲ್ಲೆ.

ನಾನು ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರ್. ಐವತ್ತು ದಾಟಿದೆ. ಕಾಲೇಜಿನ ದಿನಗಳಿಂದಲೂ ದೂರದ್ದು ಕಾಣುವುದಿಲ್ಲ, ಎರಡೂ ಕಣ್ಣಿಗೆ ಮೈನಸ್ 2. ಬಲಗಣ್ಣಿಗೆ ಚೂರು ಸಿಲಿಂಡರ್ ಕೂಡ ಇದೆ. ನಲವತ್ತೈದರ ಹೊತ್ತಿಗೆ ಹತ್ತಿರದ್ದೂ ಕೈಕೊಡಲು ಶುರುವಾಯಿತು. ನನ್ನ ಕೆಲಸ ಹೇಗಿದೆ ಅಂದರೆ, ಒಂದೇ ನಿಮಿಷದಲ್ಲಿ ಹಾಜರಿ ಪುಸ್ತಕ ನೋಡಬೇಕು, ಕೊನೇ ಬೆಂಚಿನಲ್ಲಿ ಯಾರು ಮಾತಾಡುತ್ತಿದ್ದಾರೆ ಅಂತಲೂ ನೋಡಬೇಕು. ಎರಡು ಕನ್ನಡಕ ಇಟ್ಟುಕೊಂಡು ಇದನ್ನು ಮಾಡಿ ನೋಡಿ, ಆಗ ಗೊತ್ತಾಗುತ್ತದೆ.

ಪವರ್ ಎಂದರೆ ಏನು ಅಂತ ಹತ್ತನೇ ತರಗತಿಗೆ ಪ್ರತಿವರ್ಷ ಪಾಠ ಮಾಡುತ್ತೇನೆ. ದೂರದಿಂದ ಬಂದ ಬೆಳಕನ್ನು ಲೆನ್ಸು ಒಂದು ಮೀಟರ್ ಆಚೆ ಕೂಡಿಸಿದರೆ ಅದರ ಪವರ್ 1 ಡಯಾಪ್ಟರ್. ಅರ್ಧ ಮೀಟರಿನಲ್ಲೇ ಕೂಡಿಸಿದರೆ 2. ಮೈನಸ್ ಲೆನ್ಸು ಕೂಡಿಸುವುದಿಲ್ಲ, ಚದುರಿಸುತ್ತದೆ. ನನ್ನಂಥವರ ಕಣ್ಣುಗುಡ್ಡೆ ಹಿಂದಕ್ಕೆ ಸ್ವಲ್ಪ ಉದ್ದ ಇರುತ್ತದೆ. ಹಾಗಾಗಿ ಬೆಳಕು ಕಣ್ಣಿನ ಹಿಂಬದಿಯ ಪರದೆ, ಅಂದರೆ ರೆಟಿನಾ ಮುಟ್ಟುವ ಮೊದಲೇ ಸೇರಿಬಿಡುತ್ತದೆ. ಮೈನಸ್ ಲೆನ್ಸು ಅದನ್ನು ಒಂಚೂರು ಚದುರಿಸಿ, ಸೇರುವ ಜಾಗವನ್ನು ಹಿಂದಕ್ಕೆ ತಳ್ಳುತ್ತದೆ, ಅಷ್ಟೇ. ಕಣ್ಣು ಬರೀ ಒಂದು ಮಿಲಿಮೀಟರ್ ಉದ್ದವಾದರೂ ಸಾಕು, ಸುಮಾರು 2.5ರಿಂದ 3 ಡಯಾಪ್ಟರ್ ಮೈನಸ್ ಬಂದುಬಿಡುತ್ತದೆ. ಸಿಲಿಂಡರ್ ಅಂದರೆ ಕಣ್ಣಿನ ಮುಂದಿನ ಪಾರದರ್ಶಕ ಪದರ ಎಲ್ಲ ಕಡೆ ಒಂದೇ ಸಮ ಬಾಗಿಲ್ಲ ಅಂತ. ಚೀಟಿಯಲ್ಲಿ ಅದರ ಪಕ್ಕ ಇರುವ ಆಕ್ಸಿಸ್ ಅಂಕಿ 0ಯಿಂದ 180ರೊಳಗಿನ ಕೋನ. ಅದು ಪವರ್ ಅಲ್ಲ. 90 ಅಂತ ನೋಡಿ ಗಾಬರಿಯಾದ ಅಪ್ಪ ಅಮ್ಮಂದಿರನ್ನು ನಾನು ಕಂಡಿದ್ದೇನೆ.

ನಲವತ್ತು ದಾಟಿದ ಮೇಲೆ ಬರುವ ಚಾಳೀಸಿನ ಕತೆ ಬೇರೆ. ಅದಕ್ಕೂ ಕಣ್ಣುಗುಡ್ಡೆಯ ಉದ್ದಕ್ಕೂ ಸಂಬಂಧ ಇಲ್ಲ. ಹತ್ತಿರ ನೋಡುವಾಗ ಕಣ್ಣೊಳಗಿನ ಮಸೂರ ಉಬ್ಬಿಕೊಳ್ಳಬೇಕು. ವಯಸ್ಸಾದಂತೆ ಅದು ಗಟ್ಟಿಯಾಗಿ, ಉಬ್ಬುವುದು ಕಡಿಮೆಯಾಗುತ್ತದೆ. ಪಠ್ಯಪುಸ್ತಕದಲ್ಲಿ ಸ್ನಾಯು ದುರ್ಬಲವಾಗುತ್ತದೆ ಎಂದೂ ಬರೆದಿದ್ದಾರೆ, ಪರೀಕ್ಷೆಗೆ ಮಕ್ಕಳು ಅದನ್ನೇ ಬರೆಯಲಿ. ಆದರೆ ಮುಖ್ಯ ಕಾರಣ ಮಸೂರ ಗಟ್ಟಿಯಾಗುವುದೇ. ಅದಕ್ಕೇ ಕಣ್ಣಿನ ವ್ಯಾಯಾಮ ಮಾಡಿ ಚಾಳೀಸು ಓಡಿಸುತ್ತೇವೆ ಎನ್ನುವ ವಿಡಿಯೋಗಳನ್ನು ನಾನು ನಂಬುವುದಿಲ್ಲ.

ನನ್ನ ಈಗಿನ ಚೀಟಿಯಲ್ಲಿ ಒಂದು ತಮಾಷೆ ಇದೆ. ದೂರಕ್ಕೆ ಮೈನಸ್ 2, ಓದಲು ಅದಕ್ಕೆ ಕೂಡಿಸಬೇಕಾದ ಪವರ್, ಅಂದರೆ ಆಡ್ ಎಂದು ಬರೆದಿರುವುದು ಪ್ಲಸ್ 2. ಕೂಡಿದರೆ ಸೊನ್ನೆ. ಅಂದರೆ ಬಲಗಣ್ಣಿನ ಸಿಲಿಂಡರ್ ಬಿಟ್ಟರೆ, ಇಷ್ಟು ದುಡ್ಡು ಕೊಟ್ಟ ಲೆನ್ಸಿನ ಕೆಳಭಾಗದಲ್ಲಿ ಪವರೇ ಇಲ್ಲ! "ಹಂಗಾದ್ರೆ ಕನ್ನಡಕ ತೆಗೆದು ಓದಿದ್ರೆ ಆಯ್ತಲ್ಲ ಟೀಚರ್" ಅಂತ ನಮ್ಮ ಗಣಿತದ ಮೇಷ್ಟ್ರು ಕೇಳಿದರು. ಮನೆಯಲ್ಲಿ ನಾನು ಮಾಡುವುದೂ ಅದನ್ನೇ. ರಾತ್ರಿ ಓದುವಾಗ ಕನ್ನಡಕ ತಲೆದಿಂಬಿನ ಪಕ್ಕ ಇರುತ್ತದೆ. ಕಡಿಮೆ ಮೈನಸ್ ಇರುವವರಿಗೆ ಇದೊಂದು ಅನುಕೂಲ. ಪ್ರೋಗ್ರೆಸಿವ್ ಬೇಕಾಗಿರುವುದು ತರಗತಿಗೆ, ಬ್ಯಾಂಕಿಗೆ, ಅಂಗಡಿಗೆ, ಮದುವೆ ಮನೆಗೆ. ನಿಮಗೆ ಇಂಥ ಓಡಾಟ ಇಲ್ಲ ಅಂದರೆ ಖರ್ಚು ಮಾಡುವ ಮೊದಲು ಸ್ವಲ್ಪ ಯೋಚಿಸಿ.

ಲೆನ್ಸು ಕೆಲಸ ಮಾಡುವುದು ಹೀಗೆ. ಮೇಲ್ಭಾಗ ದೂರಕ್ಕೆ, ಕೆಳಭಾಗ ಓದಲಿಕ್ಕೆ. ನಡುವೆ ಪವರ್ ಮೆಲ್ಲಗೆ ಬದಲಾಗುತ್ತಾ ಇಳಿಯುತ್ತದೆ. ನಮ್ಮ ಅಪ್ಪ ಹಾಕುತ್ತಿದ್ದ ಬೈಫೋಕಲ್‌ನಲ್ಲಿ ಕಾಣುತ್ತಿದ್ದ ಗೆರೆ ಇಲ್ಲಿಲ್ಲ. ಗೆರೆ ದಾಟುವಾಗ ಅಕ್ಷರ ಚಕ್ಕನೆ ಎಗರಿದಂತಾಗುವುದೂ ಇಲ್ಲ. ಫ್ರಾನ್ಸಿನ ಬರ್ನಾರ್ ಮೇತನಾಜ್ ರೂಪಿಸಿದ ವಾರಿಲಕ್ಸ್ 1959ರಲ್ಲಿ ಮಾರುಕಟ್ಟೆಗೆ ಬಂದ ಮೇಲೆ ಈ ಬಗೆಯ ಲೆನ್ಸು ನಿಜವಾಗಿ ಜನರ ಕೈಗೆ ಸಿಕ್ಕಿತು. ಗೆರೆ ಹೋಯಿತು, ಆದರೆ ಬೇರೊಂದು ತೊಂದರೆ ಬಂತು. ಪವರ್ ಬದಲಾಗುವ ದಾರಿಯ ಎರಡೂ ಪಕ್ಕದಲ್ಲಿ ಮಸುಕು, ಸೊಟ್ಟ. ಇದು ಅಂಗಡಿಯವರ ತಪ್ಪಲ್ಲ. ಮೇಲಿಂದ ಕೆಳಕ್ಕೆ ಪವರ್ ಎಷ್ಟು ಬೇಗ ಬದಲಾಗುತ್ತದೋ, ಪಕ್ಕಕ್ಕೆ ಸರಿದಂತೆ ಅದರ ಎರಡು ಪಟ್ಟು ವೇಗದಲ್ಲಿ ಬೇಡದ ಸಿಲಿಂಡರ್ ಹುಟ್ಟುತ್ತದೆ ಅಂತ ಮಿಂಕ್ವಿಟ್ಜ್ ಎಂಬವರು 1963ರಲ್ಲೇ ಲೆಕ್ಕ ಹಾಕಿ ತೋರಿಸಿದ್ದಾರೆ. ದುಬಾರಿ ಲೆನ್ಸು ಈ ಮಸುಕನ್ನು ಜಾಣತನದಿಂದ ಹರಡುತ್ತದೆ, ಇಲ್ಲವಾಗಿಸುವುದಿಲ್ಲ. "ಪಕ್ಕದಲ್ಲೂ ಫುಲ್ ಕ್ಲಿಯರ್ ಮೇಡಂ" ಅಂತ ಯಾರಾದರೂ ಹೇಳಿದರೆ ಸುಮ್ನೆ ನಕ್ಕು ಬನ್ನಿ.

ಆಡ್ ಜಾಸ್ತಿ ಆದಷ್ಟೂ ಪಕ್ಕದ ಮಸುಕು ಜಾಸ್ತಿ. ಅದಕ್ಕೇ ಪ್ಲಸ್ 1 ಇರುವಾಗಲೇ ಶುರು ಮಾಡಿದವರಿಗೆ ಅಭ್ಯಾಸ ಸುಲಭ. ಅರವತ್ತರಲ್ಲಿ ಮೊದಲ ಸಲ ಹಾಕಿಕೊಂಡವರು ಒದ್ದಾಡುವುದು ಸಹಜ.

ಈಗ ಅಳತೆಯ ವಿಷಯ. ನನ್ನ ಮೊದಲ ಜೋಡಿ ಮಾಡಿಕೊಟ್ಟ ಅಂಗಡಿಯ ಹುಡುಗ ನಿಂತುಕೊಂಡೇ, ಕೂತಿದ್ದ ನನ್ನ ಮೂಗಿನ ಮೇಲೆ ಸ್ಕೇಲ್ ಹಿಡಿದು ಒಂದು ನಂಬರ್ ಬರೆದುಕೊಂಡ. ಅಷ್ಟೇ ಅಳತೆ. ಕನ್ನಡಕ ಬಂತು. ಓದಬೇಕೆಂದರೆ ಗದ್ದ ಮೇಲೆತ್ತಬೇಕು. ಸಂಜೆಗೆ ಕುತ್ತಿಗೆ ಹಿಡಿದುಕೊಳ್ಳುತ್ತಿತ್ತು. ಕೇಳಿದರೆ "ಅಭ್ಯಾಸ ಆಗುತ್ತೆ ಮೇಡಂ" ಎಂಬ ಒಂದೇ ಮಂತ್ರ. ಕೆಲವು ವಾರಗಳಲ್ಲಿ ಆಗುವ ಅಭ್ಯಾಸ ಅಂತ ಒಂದಿದೆ, ಒಪ್ಪುತ್ತೇನೆ. ನೆಲ ತೇಲಿದಂತೆ ಅನಿಸುವುದು, ಪಕ್ಕದ ಬಾಗಿಲು ಬಾಗಿದಂತೆ ಕಾಣುವುದು ತಾನಾಗಿಯೇ ಹೋಗುತ್ತದೆ. ಆದರೆ ತಪ್ಪು ಎತ್ತರಕ್ಕೆ ಕೂರಿಸಿದ ಲೆನ್ಸಿಗೆ ಯಾವ ಅಭ್ಯಾಸವೂ ಆಗುವುದಿಲ್ಲ.

ಬೇರೆ ಅಂಗಡಿಯಲ್ಲಿ ತೋರಿಸಿದೆ. ಅವರು ಲೆನ್ಸನ್ನು ಬೆಳಕಿಗೆ ಓರೆಯಾಗಿ ಹಿಡಿದು, ಅದರಲ್ಲಿ ಕೊರೆದಿದ್ದ ಎರಡು ಸಣ್ಣ ಗುರುತು ಹುಡುಕಿ ಪೆನ್ನಿನಿಂದ ಚುಕ್ಕೆ ಇಟ್ಟರು. ಪ್ರೋಗ್ರೆಸಿವ್ ಲೆನ್ಸಿನಲ್ಲಿ ಆ ಎರಡರ ನಡುವೆ 34 ಮಿ.ಮೀ. ಇರುತ್ತದೆ. ಅದರಿಂದ ಲೆನ್ಸಿನ ಸರಿಯಾದ ಜಾಗ ಲೆಕ್ಕ ಹಾಕಿದರು. ನನ್ನ ಕಣ್ಣುಪಾಪೆಯ ಎದುರು ಇರಬೇಕಾದ ಬಿಂದು ಮೂರ್ನಾಲ್ಕು ಮಿ.ಮೀ. ಕೆಳಗೆ ಬಿದ್ದಿತ್ತು. ಮೂಗಿನ ಪ್ಯಾಡುಗಳನ್ನು ಹತ್ತಿರಕ್ಕೆ ಬಗ್ಗಿಸಿ ಫ್ರೇಮನ್ನು ಆದಷ್ಟು ಮೇಲೇರಿಸಿ ಕೊಟ್ಟರು. ಅಷ್ಟರಿಂದಲೇ ಅರ್ಧ ತೊಂದರೆ ಹೋಯಿತು. ದುಡ್ಡು ಕೇಳಲಿಲ್ಲ. ಮುಂದಿನ ಎರಡು ಜೋಡಿಯನ್ನೂ ಅಲ್ಲೇ ಮಾಡಿಸಿದೆ ಅಂತ ಬೇರೆ ಹೇಳಬೇಕಿಲ್ಲ.

ಸರಿಯಾದ ಅಳತೆ ಹೇಗಿರುತ್ತದೆ ಅಂದರೆ, ಮೊದಲು ಫ್ರೇಮು ಆರಿಸಿ ನಿಮ್ಮ ಮುಖಕ್ಕೆ ಕೂರುವಂತೆ ಬಗ್ಗಿಸುತ್ತಾರೆ. ಆಮೇಲೆ ಅಳೆಯುವವರು ನಿಮ್ಮ ಕಣ್ಣಿನ ಮಟ್ಟಕ್ಕೇ ಕೂತು, ಫ್ರೇಮಿನ ಜೊತೆ ಬರುವ ಪವರಿಲ್ಲದ ಡೆಮೊ ಲೆನ್ಸಿನ ಮೇಲೆ ಪಾಪೆಯ ಎದುರು ಮಾರ್ಕರ್‌ನಿಂದ ಗುರುತು ಮಾಡುತ್ತಾರೆ. ಮೂಗಿನ ನಡುವಿನಿಂದ ಎಡಗಣ್ಣಿಗೆಷ್ಟು, ಬಲಗಣ್ಣಿಗೆಷ್ಟು ಅಂತ ಬೇರೆ ಬೇರೆ ಬರೆದುಕೊಳ್ಳುತ್ತಾರೆ. ನನ್ನದು 30 ಮತ್ತು 31.5 ಮಿ.ಮೀ. ಇಬ್ಬದಿ ಒಂದೇ ಇರುತ್ತದೆ ಅಂತ ಏನಿಲ್ಲ. ಪಾಪೆಯಿಂದ ಫ್ರೇಮಿನ ಕೆಳ ಅಂಚಿಗೆ ಸಾಮಾನ್ಯವಾಗಿ 14ರಿಂದ 18 ಮಿ.ಮೀ. ಬೇಕು. ಸಣ್ಣ ಪಟ್ಟಿಯಂಥ ಫ್ರೇಮು ಚಂದ ಕಾಣುತ್ತದೆ ಅಂತ ತೆಗೆದುಕೊಂಡರೆ ಓದುವ ಭಾಗವೇ ಕತ್ತರಿಸಿ ಹೋಗುತ್ತದೆ. ಆನ್‌ಲೈನಿನಲ್ಲಿ ಸಾದಾ ಲೆನ್ಸು ತರಿಸಿ, ಬೇಡ ಅನ್ನುವುದಿಲ್ಲ. ಪ್ರೋಗ್ರೆಸಿವ್ ಮಾತ್ರ ಎದುರು ಕೂತು ಅಳೆಯುವವರ ಹತ್ತಿರವೇ ಮಾಡಿಸಿ. ಒಗ್ಗದಿದ್ದರೆ ಲೆನ್ಸು ಬದಲಿಸಿಕೊಡುತ್ತಾರಾ ಅಂತ ಮುಂಗಡ ಕೊಡುವ ಮೊದಲೇ ಕೇಳಿ, ಬಿಲ್ಲಿನಲ್ಲಿ ಬರೆಸಿಕೊಳ್ಳಿ. ಕಿವಿ ಕಡೆಯ ಗುರುತಿನ ಕೆಳಗೆ ಆಡ್ ಪವರ್ ಕೊರೆದಿರುತ್ತಾರೆ. 20 ಅಂತ ಇದ್ದರೆ ಪ್ಲಸ್ 2. ಮೂಗಿನ ಕಡೆ ಸಾಮಾನ್ಯವಾಗಿ ಕಂಪನಿಯ ಗುರುತು. ಬಿಲ್ಲಿನಲ್ಲಿರುವ ಲೆನ್ಸೇ ಬಂದಿದೆಯಾ ಅಂತ ನೋಡಲು ಇದೊಂದು ದಾರಿ.

ದಿನದ ಬಳಕೆಯಲ್ಲಿ ತರಗತಿಗೆ ಪೂರ್ತಿ ಅಂಕ. ಬೋರ್ಡು, ಪುಸ್ತಕ, ಬೆಂಚು ಎಲ್ಲ ಸರಾಗ. ಉತ್ತರ ಪತ್ರಿಕೆ ತಿದ್ದುವುದಕ್ಕೂ ಚೆನ್ನಾಗಿದೆ. ಕಣ್ಣಷ್ಟೇ ಹೊರಳಿಸಿದರೆ ಸಾಲಿನ ಕೊನೆ ಮಸುಕು, ತಲೆಯನ್ನೇ ತಿರುಗಿಸಬೇಕು. ಇದು ಈಗ ನನಗೆ ಗೊತ್ತೇ ಆಗುವುದಿಲ್ಲ.

ಕಂಪ್ಯೂಟರಿಗೆ ಮಾತ್ರ ಇದು ನನಗೆ ಸರಿಹೋಗಲಿಲ್ಲ. ಎಸ್‌ಎಟಿಎಸ್‌ನಲ್ಲಿ (ಶಿಕ್ಷಣ ಇಲಾಖೆಯ ಆನ್‌ಲೈನ್ ದಾಖಲೆ ವ್ಯವಸ್ಥೆ) ಮಕ್ಕಳ ವಿವರ ತುಂಬಲು ಗಂಟೆಗಟ್ಟಲೆ ಕೂರಬೇಕು. ಪರದೆ ಇರುವುದು 60, 70 ಸೆಂ.ಮೀ. ದೂರದಲ್ಲಿ, ನೇರ ಎದುರಿಗೆ. ಲೆನ್ಸಿನಲ್ಲಿ ಆ ದೂರಕ್ಕೆ ಇರುವ ಜಾಗ ಕಿರಿದು, ಅದೂ ನಡುವಿಗಿಂತ ಕೆಳಗೆ. ಮತ್ತೆ ಗದ್ದ ಎತ್ತುವ ಕೆಲಸ. ಕೊನೆಗೆ ಡಾಕ್ಟರನ್ನು ಕೇಳಿ ಮೈನಸ್ 1ರ ಸಾದಾ ಕನ್ನಡಕ ಮಾಡಿಸಿ ಶಾಲೆಯ ಡ್ರಾಯರಿನಲ್ಲಿಟ್ಟಿದ್ದೇನೆ. ಕಡಿಮೆ ಬೆಲೆ, ಪರದೆ ಪೂರ್ತಿ ಸ್ಪಷ್ಟ. ಎಲ್ಲದಕ್ಕೂ ಒಂದೇ ಕನ್ನಡಕ ಎಂಬ ಜಾಹೀರಾತಿನ ಮಾತನ್ನು ಇಲ್ಲಿ ಬಿಟ್ಟುಬಿಡಿ.

ಮೆಟ್ಟಿಲಿನ ಬಗ್ಗೆ ಹುಷಾರು. ಕೆಳಗೆ ನೋಡಿದಾಗ ಕಣ್ಣು ಓದುವ ಭಾಗದಿಂದ ನೋಡುತ್ತದೆ, ಆದರೆ ಕಾಲು ಇರುವುದು ಒಂದೂವರೆ ಮೀಟರ್ ದೂರದಲ್ಲಿ. ಮಕ್ಕಳನ್ನು ಶ್ರವಣಬೆಳಗೊಳಕ್ಕೆ ಕರೆದೊಯ್ದಾಗ ವಿಂಧ್ಯಗಿರಿ ಹತ್ತುವುದು ಕಷ್ಟವಾಗಲಿಲ್ಲ. ಬಂಡೆಯಲ್ಲೇ ಕಡಿದ ಮೆಟ್ಟಿಲು ಇಳಿಯುವಾಗ ಒಂದೊಂದರ ಅಂಚೂ ಕರಗಿದಂತೆ ಕಾಣುತ್ತಿತ್ತು. ಗದ್ದವನ್ನು ಎದೆಗೆ ಒತ್ತಿ, ಲೆನ್ಸಿನ ಮೇಲ್ಭಾಗದಿಂದಲೇ ಕಾಲು ನೋಡುತ್ತಾ ಇಳಿಯಬೇಕು. ವಯಸ್ಸಾದವರು ಹೊರಗೆ ಓಡಾಡುವಾಗ ದೂರದ ಸಾದಾ ಕನ್ನಡಕವನ್ನೇ ಹಾಕುವುದು ಒಳ್ಳೆಯದು. ಸ್ಕೂಟರಿನ ಕನ್ನಡಿಯೂ ಹಾಗೇ. ಅದು ಕೆಳಗೆ, ಪಕ್ಕದಲ್ಲಿ, ಅಂದರೆ ಸರಿಯಾಗಿ ಮಸುಕಿನ ಜಾಗದಲ್ಲೇ ಇರುತ್ತದೆ. ಮಲಗಿಕೊಂಡು ಟಿವಿ ನೋಡುವವರೂ ಬೇರೆ ಕನ್ನಡಕ ಹುಡುಕಿಕೊಳ್ಳಬೇಕು.

ಅಂಗಡಿಯಲ್ಲಿ ಇನ್ನೂ ಏನೇನೋ ಸೇರಿಸುತ್ತಾರೆ. ಪ್ರತಿಫಲನ ತಡೆಯುವ ಲೇಪ, ಅವರ ಬಾಯಲ್ಲಿ ಎಆರ್ ಕೋಟಿಂಗ್, ಹಾಕಿಸಿ. ಲೇಪವಿಲ್ಲದ ಲೆನ್ಸಿನ ಒಂದೊಂದು ಮೈಯಿಂದ ಸುಮಾರು ಶೇ. 4ರಷ್ಟು ಬೆಳಕು ವಾಪಸ್ ಹೋಗುತ್ತದೆ. ರಾತ್ರಿ ಎದುರು ಗಾಡಿಯ ಲೈಟಿಗೆ ವ್ಯತ್ಯಾಸ ಚೆನ್ನಾಗಿ ಗೊತ್ತಾಗುತ್ತದೆ. ನೀಲಿ ಬೆಳಕು ತಡೆಯುವ ಬ್ಲೂ ಕಟ್‌ಗೆ ಮಾತ್ರ ಜಾಸ್ತಿ ದುಡ್ಡು ಕೊಡಬೇಡಿ. ವೈದ್ಯಕೀಯ ಸಂಶೋಧನೆಗಳನ್ನು ಒಟ್ಟಿಗೆ ತೂಗಿ ನೋಡುವ ಕಾಕ್ರೇನ್ ಸಂಸ್ಥೆಯ 2023ರ ವಿಮರ್ಶೆ 17 ಪ್ರಯೋಗಗಳನ್ನು ಒಟ್ಟಿಗೆ ನೋಡಿ, ಪರದೆ ನೋಡಿ ಆಗುವ ಕಣ್ಣಿನ ಆಯಾಸ ಇದರಿಂದ ಕಡಿಮೆಯಾಗುವುದು ಅನುಮಾನ ಎಂದಿತು. ಪರದೆ ನೋಡುವಾಗ ನಾವು ರೆಪ್ಪೆ ಮಿಟುಕಿಸುವುದೇ ಕಡಿಮೆ, ಉರಿ ಬರಲು ಅದೊಂದು ದೊಡ್ಡ ಕಾರಣ. ವಕ್ರೀಭವನ ಸೂಚ್ಯಂಕ 1.67ರ ತೆಳು ಲೆನ್ಸು (ಈ ಅಂಕಿ ಏರಿದಷ್ಟೂ ಲೆನ್ಸು ತೆಳು) ಮೈನಸ್ 5, 6 ಇರುವವರಿಗೆ ಸರಿ. ನನ್ನ ಮೈನಸ್ 2ಕ್ಕೆ 1.50 ಅಥವಾ 1.56 ಸಾಕು. ಪ್ರೋಗ್ರೆಸಿವ್ ಬೆಲೆ ಎರಡು ಮೂರು ಸಾವಿರದಿಂದ ಹಿಡಿದು ಮೂವತ್ತು ಸಾವಿರ ದಾಟಿ ಹೋಗುತ್ತದೆ. ನನ್ನದು ನಡುವಿನ ದರ್ಜೆಯದು. ತೀರಾ ಅಗ್ಗದ್ದರಲ್ಲಿ ಓದುವ ಜಾಗ ಇಕ್ಕಟ್ಟು, ತೀರಾ ದುಬಾರಿಯದ್ದರಲ್ಲಿ ಕೊಟ್ಟ ದುಡ್ಡಿನಷ್ಟು ವ್ಯತ್ಯಾಸ ನನ್ನ ಕಣ್ಣಿಗೆ ಕಾಣಲಿಲ್ಲ. 2025ರ ಸೆಪ್ಟೆಂಬರ್ 22ರಿಂದ ದೃಷ್ಟಿ ಸರಿಪಡಿಸುವ ಕನ್ನಡಕದ ಜಿಎಸ್‌ಟಿ ಶೇ. 12ರಿಂದ 5ಕ್ಕೆ ಇಳಿದಿದೆ, ಬಿಲ್ಲು ನೋಡಿಕೊಳ್ಳಿ.

ಸೆರಗಿನಲ್ಲಿ ಒರೆಸಬೇಡಿ. ಧೂಳಿನ ಜೊತೆ ಉಜ್ಜಿದರೆ ಲೇಪ ಗೀರುತ್ತದೆ. ನಲ್ಲಿ ನೀರು ಹಿಡಿದು, ಪಾತ್ರೆ ತೊಳೆಯುವ ದ್ರವ ಒಂದು ಹನಿ ಹಾಕಿ ತೊಳೆದರೆ ಸಾಕು. ಬಿಸಿಲಲ್ಲಿ ನಿಂತ ಕಾರಿನೊಳಗೆ ಬಿಡಬೇಡಿ, ಲೇಪ ಬಿರುಕು ಬಿಡುತ್ತದೆ.

ನನ್ನ ಕನ್ನಡಕ ನೋಡಿ ಪೋಷಕರು ಕೇಳುವುದು ಬೇರೆಯೇ ಪ್ರಶ್ನೆ. "ಈಗಲೇ ಹಾಕಿಸಿದ್ರೆ ಪವರ್ ಏರ್ತಾ ಹೋಗುತ್ತಲ್ವಾ?" ಇಲ್ಲ. ಮಗು ಬೆಳೆದಂತೆ ಕಣ್ಣುಗುಡ್ಡೆಯೂ ಉದ್ದವಾಗುತ್ತದೆ, ಏರುವುದು ಅದಕ್ಕೆ. ಬೇಕೆಂದೇ ಕಡಿಮೆ ಪವರ್ ಹಾಕಿಸಿದರೂ ಏರುವುದು ನಿಲ್ಲುವುದಿಲ್ಲ. ಮಕ್ಕಳು ಹೊರಗೆ, ಹಗಲು ಬೆಳಕಿನಲ್ಲಿ ಜಾಸ್ತಿ ಹೊತ್ತು ಆಡಿದರೆ ಮೈನಸ್ ಬರುವ ಸಾಧ್ಯತೆ ಕಡಿಮೆ ಎನ್ನುವುದಕ್ಕೆ ಆಧಾರ ಇದೆ. ಬೋರ್ಡಿನ ಬದಲು ಪಕ್ಕದವರ ನೋಟ್ಸು ನೋಡಿ ಬರೆಯುವ ಮಗುವನ್ನು ಬೈಯುವ ಮೊದಲು ಕಣ್ಣು ತೋರಿಸಿ.

ಲೇಸಿಕ್ ಎಂಬ ಲೇಸರ್ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡರೆ ಈ ರಗಳೆಯೇ ಇಲ್ಲ ಅನ್ನುವವರೂ ಇದ್ದಾರೆ. ಅದು ಕಣ್ಣಿನ ಮುಂದಿನ ಪದರ ಸರಿಮಾಡುತ್ತದೆ, ಒಳಗಿನ ಮಸೂರವನ್ನಲ್ಲ. ಚಾಳೀಸು ಬಂದೇ ಬರುತ್ತದೆ.

ನಮ್ಮ ಮನೆಯವರು ಬಹಳ ದಿನ ಬಸ್ ಸ್ಟ್ಯಾಂಡಿನ ರೆಡಿಮೇಡ್ ಕನ್ನಡಕದಲ್ಲೇ ಕಾಲ ಹಾಕಿದರು. ಎರಡೂ ಕಣ್ಣಿಗೆ ಒಂದೇ ಪವರ್, ಸಿಲಿಂಡರ್ ಇಲ್ಲ. ಆಗಾಗ ಪೇಪರ್ ನೋಡಲು ಅಡ್ಡಿಯಿಲ್ಲ. ಒಂದು ಸಲ ದೂರದ್ದೇ ಮಸುಕಾಯಿತು. ಕಣ್ಣಿನ ಡಾಕ್ಟರು ಪವರ್ ನೋಡಿ, ಚೀಟಿ ಬರೆಯದೆ, ಮೊದಲು ಶುಗರ್ ಟೆಸ್ಟ್ ಮಾಡಿಸಿ ಅಂದರು. ಸಕ್ಕರೆ ಬಹಳ ಏರಿತ್ತು. ರಕ್ತದಲ್ಲಿ ಸಕ್ಕರೆ ಏರಿಳಿದರೆ ಮಸೂರದ ಪವರೂ ಬದಲಾಗುತ್ತದೆ, ಆಗ ಮಾಡಿಸಿದ ಕನ್ನಡಕ ಆಮೇಲೆ ಕೆಲಸಕ್ಕೆ ಬರುವುದಿಲ್ಲವಂತೆ. ಹತೋಟಿಗೆ ಬಂದ ಮೇಲೆ ಮತ್ತೆ ನೋಡಿದಾಗ ಮುಕ್ಕಾಲು ಡಯಾಪ್ಟರ್ ವ್ಯತ್ಯಾಸ ಇತ್ತು. ರೆಟಿನಾವನ್ನೂ ಕಣ್ಣಿನ ಒತ್ತಡವನ್ನೂ ಅವರು ಆಗಲೇ ಪರೀಕ್ಷಿಸಿದರು, ಇವು ಅಂಗಡಿಯ ಕಂಪ್ಯೂಟರ್ ಟೆಸ್ಟಿನಲ್ಲಿ ಸಿಗುವುದಿಲ್ಲ. ನಮ್ಮ ಮನೆಯವರು ನನ್ನ ಪ್ರೋಗ್ರೆಸಿವ್ ಹಾಕಿ ನೋಡಿ ತಲೆ ತಿರುಗುತ್ತೆ ಅಂದರು. ಬೇರೆಯವರ ಅಳತೆಯದು ಇನ್ನೇನಾಗುತ್ತದೆ? ಕೊನೆಗೆ ಡಿ ಬೈಫೋಕಲ್, ಅಂದರೆ ಓದುವ ಭಾಗ ಡಿ ಅಕ್ಷರದ ಆಕಾರದಲ್ಲಿರುವ ಬೈಫೋಕಲ್ ತೆಗೆದುಕೊಂಡರು. ಅಂಗಡಿಯಲ್ಲಿ ಕೂತು ಲೆಕ್ಕ ಬರೆಯುವವರಿಗೆ ಅದೇ ಸಾಕಾಗಿದೆ.